ಮುಹೂರ್ತವಿಡುವವನ ಹೆಂಡತಿ

“ಇವತ್ತು ನಾಯಿ ದಿನ. ಇವತ್ತು ಆ ಮಗು ಮೈಯಿಂದ ಒಂದು ಕೂದಲು ಕೂಡ ಕೀಳಬಾರದು. ಕೊಳವೆ ಅಂತೂ ದೂರದ ಮಾತು.”

“ನಿನ್ನೆ ಯಾವ ದಿನ ಆಗಿತ್ತು?”

“ಕೋಳಿ.”

“ನಾಳೆ?”

“ಹಂದಿ. ನಾಳೆ ಬೆಳಿಗ್ಗೆ ಡ್ರ್ಯಾಗನ್ ಜಾವದಲ್ಲಿ ತೆಗೀಲಿ. ನಾನು ಕೇಳ್ತಿರೋದು ಅಷ್ಟೇ.”

“ಅಂದ್ರೆ ನಾಯಿ ಆಗಲ್ಲ, ಹಂದಿ ಆಗತ್ತೆ. ಮೆದುಳು ಇರಬೇಕಾದ ಜಾಗದಲ್ಲಿ ಮೃಗಾಲಯ ಇಟ್ಕೊಂಡಿದೀಯ ನೀನು. ಟಿಕೆಟ್ ಇಟ್ಟಿದ್ರೆ ಇಷ್ಟು ಹೊತ್ತಿಗೆ ನಾವು ಕಾರು ತಗೋಬಹುದಿತ್ತು.”

ಹೀಗೆಂದವಳು ಯೂಶ್ಯಾ. ಅನ್ನಿಸಿಕೊಂಡವನು ಅವಳ ಗಂಡ. ಕಾವೋಶುಂಗ್ ಊರಿನ ಹಳೇ ಬಂದರುಪೇಟೆಯಲ್ಲಿ ಯೆನ್ ಗುರುಗಳು ಎಂದರೆ ಗೊತ್ತಿಲ್ಲದವರಿಲ್ಲ. ಅಂಗಡಿ ತೆರೆಯಲು, ಮದುವೆಗೆ, ಹೆಣ ಎತ್ತಲು, ಸಿಸೇರಿಯನ್ ಮಾಡಿಸಲು, ಎಲ್ಲಕ್ಕೂ ದಿನ ಮತ್ತು ಹೊತ್ತು ಆರಿಸಿಕೊಡುವುದೇ ಅವನ ಕಸುಬು. ದಿನಕ್ಕೊಂದು ಪ್ರಾಣಿ, ಎರಡೆರಡು ಗಂಟೆಯ ಜಾವಕ್ಕೊಂದು ಪ್ರಾಣಿ, ಯಾವುದಕ್ಕೆ ಯಾವುದು ಆಗಿಬರುವುದಿಲ್ಲ ಎಂಬ ಲೆಕ್ಕವೆಲ್ಲ ಅವನ ಎಡಗೈಯ ಬೆರಳ ಗೆಣ್ಣುಗಳಲ್ಲಿತ್ತು. ಬೀದಿಯವರೆಲ್ಲ ಅವನನ್ನು ಗುರುಗಳು ಎನ್ನುತ್ತಾರೆ. ಯೂಶ್ಯಾಳಿಗೆ ಮಾತ್ರ ಗಿರಾಕಿಗಳೆದುರು ಗುರುಗಳು, ಉಳಿದಂತೆ ಮುದಿ ಮಂಗ.

ಇಬ್ಬರೂ ಕೂತಿದ್ದದ್ದು ದೊಡ್ಡಾಸ್ಪತ್ರೆಯ ಮಕ್ಕಳ ಐಸಿಯು ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಒಳಗೆ ಅವರ ಮೊಮ್ಮಗಳು ಚೆನ್‌ಚೆನ್, ಇನ್ನೂ ವರ್ಷ ತುಂಬದ ಕೂಸು, ಅಮ್ಮನ ಲಿವರಿನ ಒಂದು ತುಂಡನ್ನು ಹೊಟ್ಟೆಯಲ್ಲಿಟ್ಟುಕೊಂಡು, ಉಸಿರಿನ ಕೊಳವೆಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಮಲಗಿತ್ತು. ಆಪರೇಷನ್ ಆಗಿ ಎರಡು ದಿನ. ಬೆಳಿಗ್ಗೆ ಡಾಕ್ಟರ್ ಫಾಂಗ್ ಎಂಬ ಹೆಂಗಸು ಬಾಗಿಲು ತಳ್ಳಿಕೊಂಡು ಬಂದು, “ಕೂಸು ಮೆಷಿನ್ ಜೊತೆ ಜಗಳ ಆಡ್ತಿದೆ, ತಾನೇ ಉಸಿರಾಡ್ತೀನಿ ಅಂತಿದೆ. ಒಳ್ಳೇ ಲಕ್ಷಣ. ಸ್ಕ್ಯಾನ್ ಮಾಡಿ, ಹೊಸ ಲಿವರಿಗೆ ರಕ್ತ ಸರಿಯಾಗಿ ಹರೀತಿದೆಯಾ ನೋಡಿ, ಇವತ್ತೇ ಕೊಳವೆ ತೆಗೆದುಬಿಡೋಣ” ಎಂದಿದ್ದಳು. ಕೇಳಿದ ಯಾರೇ ಆಗಲಿ ಕೈ ಮುಗಿಯುತ್ತಾರೆ. ಗುರುಗಳು ಬೆರಳು ಮಡಿಸಿದರು.

ಕೂಸಿನ ಅಪ್ಪ, ಇವರ ಮಗ ಮಿಂಗ್‌ತೆ, ಅಲ್ಲೇ ನಿಂತಿದ್ದ. ಅಪ್ಪ ಬೆರಳು ಮಡಿಸಿದ್ದು ಕಂಡದ್ದೇ ತಡ, ಅವನ ಬೆನ್ನುಮೂಳೆ ನೆನೆಸಿಟ್ಟ ಶಾವಿಗೆಯಾಯಿತು. “ಡಾಕ್ಟ್ರೇ, ನಾಳೆ ಬೆಳಿಗ್ಗೆ ತೆಗೆದ್ರೆ ಆಗಲ್ವಾ? ನಮ್ಮಪ್ಪ ಸ್ವಲ್ಪ...”

ಡಾಕ್ಟರ್ ಫಾಂಗ್ ಸ್ವಲ್ಪ ಏನು ಎಂದು ಕೇಳಲಿಲ್ಲ. “ನೋಡಿ, ತುಂಬಾ ಬೇಗ ತೆಗೆದ್ರೆ ಉಸಿರು ಸೋತು ಮತ್ತೆ ಹಾಕಬೇಕಾಗತ್ತೆ, ಅದು ಕೆಟ್ಟದ್ದು. ತಡ ಮಾಡಿದ್ರೆ ಅದೇ ಕೊಳವೆ ಹಿಡ್ಕೊಂಡು ಎದೆಗೆ ಸೋಂಕು ಇಳಿಯತ್ತೆ. ಲಿವರ್ ಒಗ್ಗಲಿ ಅಂತ ನಾವೇ ಔಷಧಿ ಕೊಟ್ಟು ಅವಳ ಮೈ ಕಾವಲು ಇಳಿಸಿದೀವಿ, ಈಗ ಸೋಂಕು ಬಂದ್ರೆ ಅದು ಇನ್ನೂ ಕೆಟ್ಟದ್ದು. ಎರಡರ ನಡುವೆ ಒಂದು ಕಿಂಡಿ ತೆರೆಯತ್ತೆ. ಅದು ಇವತ್ತು ತೆರೆದಿದೆ. ಮನೆಯವರು ಒಪ್ಪಲ್ಲ ಅಂದ್ರೆ ಒಂದು ರಾತ್ರಿ ಕಾಯಬಹುದು. ಕಾಯೋಕೆ ನನಗೆ ಇಷ್ಟ ಇಲ್ಲ. ಸ್ಕ್ಯಾನ್ ಹೊತ್ತಿಗೆ ಒಂದು ಮಾತು ಹೇಳಿ.”

ಹೇಳಿ ಹೋದಳು. ಆಗಿನಿಂದ, ಅಂದರೆ ಬೆಳಗಿನ ಗಂಜಿ ಹೊತ್ತಿನಿಂದ, ನಾಯಿ ಹಂದಿಗಳ ಈ ಜಗಳ.

ಯೂಶ್ಯಾಳ ತಿರಸ್ಕಾರ ಇವತ್ತು ನಿನ್ನೆಯದಲ್ಲ, ಅದಕ್ಕೂ ಒಂದು ಮುಹೂರ್ತವಿತ್ತು. ಅವಳು ಹುಟ್ಟಿದ್ದು ಬಂದರಿನ ಆಚೆದಡದ ಚೀಜಿನ್ ದ್ವೀಪದಲ್ಲಿ, ಮೀನು ಹಿಡಿಯುವವರ ಮನೆಯಲ್ಲಿ. ಅವಳ ಮದುವೆಗೆ ದಿನವಿಟ್ಟವನು ಅವಳ ಮಾವ, ಅವನೂ ಗುರುವೇ. ವರ್ಷವಿಡೀ ತಡಕಿದರೂ ಇಂಥ ದಿನ ಇನ್ನೊಂದಿಲ್ಲ ಎಂದು ಎದೆ ತಟ್ಟಿ ಹೇಳಿ ಇಟ್ಟ ದಿನ. ಆ ದಿನ ಚಂಡಮಾರುತ ಬಂತು. ದೋಣಿ ನಿಂತಿತು, ಬೀದಿ ತುಂಬ ಹಂಚು ಹಾರಿದವು, ಮದುಮಗಳು ಕೆನ್ನೆಯ ಬಣ್ಣ ಕರಗಿಸಿಕೊಂಡು ದೋಣಿಕಟ್ಟೆಯ ಮಾಡಿನಡಿ ಒಣಮೀನಿನ ಬುಟ್ಟಿಗಳ ಜೊತೆ ಕೂತಳು. ದಾಟಿ ಬಂದದ್ದು ಮಾರನೇ ದಿನ. ಪಂಚಾಂಗದಲ್ಲಿ ಆ ಮಾರನೇ ದಿನಕ್ಕೆ ಬರೆದಿದ್ದ ಶುಭಕಾರ್ಯ ಒಂದೇ ಒಂದು: ಚರಂಡಿ ತೋಡುವುದು. ಆ ಚರಂಡಿ ಮುಹೂರ್ತದಲ್ಲಿ ಶುರುವಾದ ಸಂಸಾರ ನಲವತ್ತು ವರ್ಷದಿಂದ ಎಲ್ಲೂ ಕಟ್ಟಿಕೊಳ್ಳದೆ ಹರಿಯುತ್ತಿದೆ ಎಂಬುದನ್ನು ಯೂಶ್ಯಾ ಅಕ್ಕಪಕ್ಕದವರಿಗೆಲ್ಲ ಸಾರಿ ಸಾರಿ ಹೇಳಿದ್ದಾಳೆ.

ಅವಳ ಜಾಗ ಅಂಗಡಿಯ ಮುಂಭಾಗ. ಊದುಬತ್ತಿ, ಸುಡುವ ಕಾಗದದ ಕಟ್ಟು, ಕೆಂಪು ಮೇಣದಬತ್ತಿ ಮಾರುತ್ತಾ, ಒಳಗೆ ಹೋಗಲು ಸರದಿ ಕಾಯುವವರಿಗೆ ಚಹಾ ಸುರಿಯುತ್ತಾ ಕೂರುವುದು. ಒಳಗಿನಿಂದ ಗುರುಗಳ ಗಂಭೀರ ಧ್ವನಿ ಬರುವಾಗ ಹೊರಗೆ ಇವಳ ತುಟಿ ಒಂದು ಕಡೆಗೆ ಸೊಟ್ಟಗಾಗುವುದು. ಗಂಡನ ಶಾಸ್ತ್ರ ತಂದ ಅನ್ನ ಉಂಡುಕೊಂಡೇ ಆ ಶಾಸ್ತ್ರಕ್ಕೆ ಮೂಗು ಮುರಿಯುವುದರಲ್ಲಿ ಅವಳಿಗೆ ಯಾವ ಮುಜುಗರವೂ ಇರಲಿಲ್ಲ. ಹೋಟೆಲಿನವನ ಹೆಂಡತಿ ಹೋಟೆಲಿನಲ್ಲಿ ಉಣ್ಣುತ್ತಾಳೇನು?

ಈಗ ಇವಳ ಹೊಟ್ಟೆಯಲ್ಲಿ ಕೂತು ಇವಳನ್ನೇ ಕುಟುಕುತ್ತಿದ್ದ ಸಂಗತಿ ಬೇರೆ. ಚೆನ್‌ಚೆನ್ ಹುಟ್ಟುವಾಗ ಗುರುಗಳು ತಿಂಗಳು ಮೊದಲೇ ಸಿಸೇರಿಯನ್ನಿಗೆ ಡ್ರ್ಯಾಗನ್ ಜಾವ ಇಟ್ಟಿದ್ದರು. ಜಾತಕವನ್ನು ಕೆಂಪು ಕಾಗದದಲ್ಲಿ ಮೊದಲೇ ಬರೆದು, ಬೀದಿಗೆಲ್ಲ ತೋರಿಸಿ, ಆ ಜಾವದ ಅಕ್ಷರವಾದ ‘ಚೆನ್’ ಎಂಬುದನ್ನೇ ಎರಡು ಸಲ ಹೇಳಿ ಹೆಸರನ್ನೂ ಇಟ್ಟಾಗಿತ್ತು. ಕೂಸೊಂದು ಹುಟ್ಟುವುದು ಬಾಕಿ ಇತ್ತು. ಆದರೆ ಆ ಬೆಳಿಗ್ಗೆ ಹೆರಿಗೆ ಡಾಕ್ಟರು ಪಕ್ಕದ ಕೋಣೆಯಲ್ಲಿ ಯಾರದ್ದೋ ಅವಳಿ ಮಕ್ಕಳ ಹತ್ತಿರ ಸಿಕ್ಕಿಹಾಕಿಕೊಂಡರು. ಅಲ್ಲಿಂದ ಬಿಡಿಸಿಕೊಂಡು ಅವರು ಕೈ ತೊಳೆದು ಬಂದಾಗ ಡ್ರ್ಯಾಗನ್ ಹಾರಿಹೋಗಿ ಹಾವು ಬಂದು ಕೂತಿತ್ತು. ಮಿಂಗ್‌ತೆ ಕಾರಿಡಾರಿನಲ್ಲಿ ಅಳುವುದೊಂದು ಬಾಕಿ. “ಅಮ್ಮಾ, ಅಪ್ಪಂಗೆ ಏನು ಹೇಳೋದು?” ಎಂದಾಗ ಯೂಶ್ಯಾ, “ಏನೂ ಹೇಳಬೇಡ. ಅಷ್ಟು ಚೆನ್ನಾಗಿರೋ ಕೆಂಪು ಕಾಗದ ಹಾಳಾಗತ್ತೆ” ಎಂದಳು.

ಆಮೇಲೆ ಗುರುಗಳು ಮೊಮ್ಮಗಳ ಜಾತಕ ಹೊಗಳಿದಾಗಲೆಲ್ಲ ಯೂಶ್ಯಾ ಅಡುಗೆಮನೆಗೆ ಹೋಗಿ ಟವೆಲು ಕಚ್ಚಿಕೊಂಡು ನಗುವಳು. ಇಷ್ಟು ಅಗ್ಗದ, ಇಷ್ಟು ದಿನ ಬಾಳುವ ನಗು ಅವಳಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ನಂತರ ಕೂಸಿನ ಕಣ್ಣು ಅರಿಶಿನವಾಯಿತು, ಮೈ ಅರಿಶಿನವಾಯಿತು, ಪಿತ್ತದ ನಾಳಗಳೇ ಇಲ್ಲ ಎಂದರು, ಲಿವರ್ ಬದಲಾಯಿಸಬೇಕು ಎಂದರು. ಮೊದಲು ಪರೀಕ್ಷೆಗೆ ಕೂತವನು ಅಪ್ಪ. ಅವನ ಲಿವರಿನಲ್ಲಿ ಕೊಬ್ಬು ತುಂಬಿದೆ, ಬೇಡ ಎಂದು ಹಿಂದಕ್ಕೆ ಕಳಿಸಿದರು. “ಆಯುಸ್ಸಲ್ಲಿ ಒಂದು ಸಲ ಏನಾದ್ರೂ ಕೊಡೋ ಅವಕಾಶ ಬಂತು, ಅದನ್ನೂ ಕರಿದು ತಿಂದುಬಿಟ್ಟಿದೀಯಲ್ಲೋ” ಎಂದು ಯೂಶ್ಯಾ ಮಗನಿಗೆ ಮಂಗಳಾರತಿ ಎತ್ತಿದಳು. ಕೊನೆಗೆ ಹೊಟ್ಟೆ ಕೊಯ್ಯಿಸಿಕೊಂಡವಳು ಸೊಸೆ ಪೇಲಿಂಗ್.

ಆ ಸೊಸೆ ಮೇಲಿನ ಮಹಡಿಯ ವಾರ್ಡಿನಲ್ಲಿದ್ದಳು. ಗಂಡನ ಮೃಗಾಲಯ ಸಾಕಾಗಿ ಯೂಶ್ಯಾ ಮೀನಿನ ಸಾರಿನ ಫ್ಲಾಸ್ಕ್ ಹಿಡಿದು ಮೇಲೆ ಹೋದರೆ, ಪೇಲಿಂಗ್‌ಗೆ ಆಗಲೇ ಸುದ್ದಿ ಮುಟ್ಟಿತ್ತು.

“ಅತ್ತೆ, ನಾಳೆಗೆ ಹಾಕಿದ್ರಂತೆ.”

“ಹಾಕಿಲ್ಲ. ನಿನ್ನ ಗಂಡ ಬಾಯಿ ಬಿಟ್ಟಿದಾನೆ. ಬಾಯಿ ಬಿಡೋದು ಅವನಿಗೆ ಅಭ್ಯಾಸ, ಊಟಕ್ಕಾದ್ರೂ ಸರಿ ಮಾತಿಗಾದ್ರೂ ಸರಿ.”

“ಡ್ರ್ಯಾಗನ್‌ಗೆ ನಾಯಿ ಆಗಲ್ಲ ಅಂತ ತಾನೇ ಮಾವನ ಲೆಕ್ಕ? ಅವಳು ಹುಟ್ಟಿದ್ದು ಡ್ರ್ಯಾಗನ್ ಜಾವ ಅಂತ.”

“ಹೂಂ.”

“ಅವಳು ಡ್ರ್ಯಾಗನ್ ಜಾವದಲ್ಲಿ ಹುಟ್ಟೇ ಇಲ್ಲ.”

“ಹೂಂ.”

ಪೇಲಿಂಗ್ ಸಾರಿನ ಬಟ್ಟಲು ಪಕ್ಕಕ್ಕಿಟ್ಟಳು. ದನಿ ಎತ್ತಿದರೆ ಹೊಲಿಗೆ ಎಳೆಯುತ್ತಿತ್ತು, ಅದಕ್ಕೇ ಮೆಲ್ಲಗೆ ಹೇಳಿದಳು. “ನನ್ನ ಲಿವರ್ ಕೊಟ್ಟಿರೋದು ಅತ್ತೆ, ನಿಮ್ಮ ತಮಾಷೆಗಲ್ಲ. ನೀವು ಹೇಳ್ತೀರೋ, ಇಲ್ಲ ಈ ಹೊಲಿಗೆ ಹಿಡ್ಕೊಂಡು ನಾನು ಇಳಿದು ಬರಲೋ?”

ಯೂಶ್ಯಾ ಬಟ್ಟಲನ್ನು ಮತ್ತೆ ಸೊಸೆಯ ಕೈಗಿಟ್ಟಳು. “ಸಾರು ಕುಡಿ, ಆರತ್ತೆ” ಎಂದಷ್ಟೇ ಹೇಳಿ ಎದ್ದಳು.

ಗುರುಗಳು ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಹಂದಿಮಾಂಸದ ಅನ್ನದೆದುರು ಕೂತಿದ್ದರು.

“ನಾಳೆಯ ದಿನವನ್ನ ಇವತ್ತೇ ತಿಂತಿದೀಯ” ಎಂದು ಯೂಶ್ಯಾ ಎದುರು ಕುರ್ಚಿ ಎಳೆದಳು.

“ಐಸಿಯುವಲ್ಲಿ ಆ ಉಸಿರಿನ ಮೆಷಿನ್ ಮೇಲೆ ನೋಡಿದ್ಯಾ?” ಗುರುಗಳಿಗೆ ತಮ್ಮದೇ ವಾದ. “ಹಸಿರು ಪೊಟ್ಟಣದ ಕುರುಕಲು ತಿಂಡಿ ಇಟ್ಟಿದಾರೆ, ಮೆಷಿನ್ ತಂಟೆ ಮಾಡದೆ ಹೇಳಿದ ಮಾತು ಕೇಳಲಿ ಅಂತ. ಎಲ್ಲಾ ಓದಿದೋರೇ. ಅವರಿಗಿರೋ ಭಯಭಕ್ತಿ ನಿನಗಿಲ್ಲ.”

“ಅವರು ಪೊಟ್ಟಣ ಇಟ್ಟು ಕೆಲಸಾನೂ ಮಾಡ್ತಾರೆ. ನೀನು ಪೊಟ್ಟಣ ಮಾತ್ರ ಇಡ್ತೀಯ.” ಅಷ್ಟು ಹೇಳಿ, ಉಸಿರು ತೆಗೆದುಕೊಂಡು, ನಲ್ಲಿ ತಿರುಗಿಸಿದ ಹಾಗೆ ಹೇಳಿಬಿಟ್ಟಳು. “ಚೆನ್‌ಚೆನ್ ಹುಟ್ಟಿದ್ದು ಡ್ರ್ಯಾಗನ್ ಜಾವದಲ್ಲಲ್ಲ. ಡಾಕ್ಟ್ರು ಬರೋದು ತಡ ಆಯ್ತು. ಹಾವಿನ ಜಾವ.”

ಚಾಪ್‌ಸ್ಟಿಕ್ ಅನ್ನದ ಮೇಲೇ ನಿಂತಿತು.

“ಯಾರ್‍ಯಾರಿಗೆ ಗೊತ್ತು?”

“ನಿನ್ನೊಬ್ಬನ್ನ ಬಿಟ್ಟು ಎಲ್ಲರಿಗೂ.”

ಈಗ ಬೈಯುತ್ತಾನೆ ಎಂದು ಯೂಶ್ಯಾ ಸಜ್ಜಾಗಿ ಕೂತಳು. ಬೈದರೆ ಚಂಡಮಾರುತ ತೆಗೆಯುವುದು, ಜಗ್ಗದಿದ್ದರೆ ಚರಂಡಿ ತೆಗೆಯುವುದು, ಎಲ್ಲ ಅಸ್ತ್ರಗಳೂ ತುದಿನಾಲಿಗೆಯಲ್ಲಿದ್ದವು. ಮುದುಕ ಬೈಯಲಿಲ್ಲ. ಮೇಜಿನ ಮೇಲಿದ್ದ ಸೋಯಾ ಸಾಸಿನ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೇಳಿದ.

“ಹಾಗಾದ್ರೆ ಅದು ನಾನು ಇಟ್ಟ ಹೊತ್ತಲ್ಲ?”

“ಅಲ್ಲ.”

“ಖಂಡಿತಾ?”

“ಕಿವಿ ಕೇಳಲ್ವಾ? ಅಲ್ಲ.”

“ಅವಳ ಲಿವರ್... ನಾನು ಇಟ್ಟ ಹೊತ್ತಿಂದ...”

ಆಗ ಯೂಶ್ಯಾಳಿಗೆ ಹೊಳೆಯಿತು. ಕೂಸಿನ ಕಾಯಿಲೆ ತಿಳಿದ ವಾರದಿಂದ ಗುರುಗಳು ಒಬ್ಬ ಬಸುರಿಗೂ ಹೊತ್ತು ಇಟ್ಟುಕೊಟ್ಟಿರಲಿಲ್ಲ. ಬಂದವರನ್ನೆಲ್ಲ “ಕಣ್ಣು ಮಂಜಾಗಿದೆ, ಹಿಂದಿನ ಬೀದಿಗೆ ಹೋಗಿ” ಎಂದು ಸಾಗಹಾಕುತ್ತಿದ್ದರು. ಮೈಗಳ್ಳತನಕ್ಕೆ ಕಣ್ಣು ಬೇರೆ ನೆಪ ಎಂದು ಇವಳು ಹೊರಗೆ ಚಹಾ ಸುರಿಯುತ್ತಾ ಆಡಿಕೊಂಡಿದ್ದಳು. ಈ ಮುದಿ ಮಂಗ ಅಷ್ಟು ದಿನವೂ ತನ್ನ ಬೆರಳ ಗೆಣ್ಣುಗಳನ್ನು ಕಂಡು ತಾನೇ ಹೆದರಿಕೊಂಡು ಕೂತಿತ್ತು. ಇವಳು ಅಡುಗೆಮನೆಯಲ್ಲಿ ಟವೆಲು ಕಚ್ಚುತ್ತಿದ್ದಾಗ ಅವನು ಒಳಕೋಣೆಯಲ್ಲಿ ಏನು ಕಚ್ಚಿಕೊಂಡಿದ್ದನೋ.

ಬೇರೆ ಹೆಂಡತಿಯಾಗಿದ್ದರೆ ಕೈ ಹಿಡಿಯುತ್ತಿದ್ದಳು. ಯೂಶ್ಯಾಳಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ.

“ಒಂದು ಕೂಸಿನ ಲಿವರ್ ಕೆಡಿಸೋವಷ್ಟು ದೊಡ್ಡ ಮನುಷ್ಯ ಅಂದ್ಕೊಂಡಿದೀಯಾ ನೀನು? ನಮ್ಮನೆ ಬಚ್ಚಲ ನಲ್ಲಿ ಸೋರೋದನ್ನ ಇಷ್ಟು ವರ್ಷದಿಂದ ನಿಲ್ಲಿಸೋಕಾಗಿಲ್ಲ ನಿನ್ನ ಕೈಲಿ. ಪಿತ್ತನಾಳ ಮಾಯ ಮಾಡ್ತಾನಂತೆ ಪಿತ್ತನಾಳ. ನಿನ್ನಪ್ಪ ಒಂದು ಚಂಡಮಾರುತ ತಡೀಲಿಲ್ಲ, ನೀನು ಒಬ್ಬ ಡಾಕ್ಟ್ರನ್ನ ಹೊತ್ತಿಗೆ ಸರಿಯಾಗಿ ಕರೆಸಲಿಲ್ಲ. ವಂಶಪಾರಂಪರ್ಯವಾಗಿ ಕೆಲಸಕ್ಕೆ ಬಾರದವರು ನೀವು. ಸುಮ್ನೆ ಅನ್ನ ತಿನ್ನು.”

ಗುರುಗಳು ಕಾಗದದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. “ಮೆಣಸು ಜಾಸ್ತಿ ಹಾಕಿದಾರೆ” ಎಂದರು. ಆ ಅನ್ನಕ್ಕೆ ಮೆಣಸು ಹಾಕಿಯೇ ಇರಲಿಲ್ಲ. ಯೂಶ್ಯಾ ಅದೊಂದನ್ನು ಹೋಗಲಿ ಎಂದು ಬಿಟ್ಟಳು.

ಅಷ್ಟರಲ್ಲಿ ಎಡಗೈಯ ಹೆಬ್ಬೆರಳು ತಾನಾಗಿ ಗೆಣ್ಣುಗಳ ಮೇಲೆ ಓಡತೊಡಗಿತು.

“ಹಾವಾ?”

“ಹಾವು.”

“ಹಾವಿನ ಜಾವ ಅಂದ್ರೆ... ನಾಯಿಯಿಂದ ಏನೂ ತೊಂದ್ರೆ ಇಲ್ಲ. ಹಾವಿಗೆ ಆಗದೇ ಇರೋದು...” ಹೆಬ್ಬೆರಳು ನಿಂತಿತು. “ಹಂದಿ. ಹಾವಿಗೆ ಹಂದಿ ಆಗಲ್ಲ. ನಾಳೆ ಹಂದಿ.”

“ಅಂದ್ರೆ?”

“ನಾಳೆ ಕೂಡದು. ಇವತ್ತೇ. ಈಗಲೇ ಕುದುರೆ ಜಾವ ನಡೀತಿದೆ, ಇದೇ ಸರಿಯಾದ ಹೊತ್ತು. ಏಳು, ಏಳು.”

ಹಂದಿಯನ್ನು ಅನ್ನದ ಸಮೇತ ಅಲ್ಲೇ ಬಿಟ್ಟು ಮುದುಕ ಓಡಿದ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದ. ಹಿಂದೆ ಖಾಲಿ ಫ್ಲಾಸ್ಕ್ ಹಿಡಿದ ಯೂಶ್ಯಾ, ಇಪ್ಪತ್ತು ವರ್ಷದಿಂದ ಮಂಡಿನೋವು ಎಂದು ನೆಲ ಒರೆಸದವನು ಎಂದುಕೊಳ್ಳುತ್ತಾ ಹತ್ತಿದಳು.

ಐಸಿಯು ಬಾಗಿಲಲ್ಲಿ ಡಾಕ್ಟರ್ ಫಾಂಗ್ ಸಿಕ್ಕಳು.

“ಡಾಕ್ಟ್ರೇ, ಕೊಳವೆ ಇವತ್ತೇ ತೆಗೀರಿ. ಸಾಧ್ಯವಾದ್ರೆ ಈಗಲೇ, ಕುದುರೆ ಜಾವ ಮುಗಿಯೋದ್ರೊಳಗೆ.”

“ಬೆಳಿಗ್ಗೆ ಬೇಡ ಅಂದವರು ನೀವೇ ಅಲ್ವಾ, ತಾತ?”

“ಬೆಳಿಗ್ಗೆ ಅವಳು ಬೇರೆ ಹೊತ್ತಲ್ಲಿ ಹುಟ್ಟಿದ್ಲು.”

ಡಾಕ್ಟರ್ ಗುರುಗಳನ್ನು ನೋಡಿದಳು, ಮಿಂಗ್‌ತೆಯನ್ನು ನೋಡಿದಳು, ಅವನು ಚಾವಣಿ ನೋಡಿದ. ಕೊನೆಗೆ ಯೂಶ್ಯಾಳ ಕಡೆ ತಿರುಗಿ, “ಅಜ್ಜಿ, ನೀವು ಹೇಳಿ. ಮನೆಯವರ ಮಾತು ಒಂದೇನಾ?” ಎಂದಳು.

“ಒಂದೇ. ಮತ್ತೆ ಬದಲಾಗೋದ್ರೊಳಗೆ ತೆಗೆದುಬಿಡಮ್ಮ.”

“ಸ್ಕ್ಯಾನ್ ಮೆಷಿನ್ ಇನ್ನೊಂದು ಮಗು ಹತ್ರ ಇದೆ. ಅದು ಬರಬೇಕು, ರಕ್ತ ಹರಿಯೋದು ನಾನು ನೋಡಬೇಕು, ಕೂಸು ಕೆಮ್ಮಿ ತೋರಿಸ್ಬೇಕು. ಅಲ್ಲೀತನಕ ಕುದುರೇನೂ ಇಲ್ಲ, ಕತ್ತೇನೂ ಇಲ್ಲ.” ಬಾಗಿಲು ಮುಚ್ಚಿತು.

ಕುದುರೆ ಜಾವ ಹೋಯಿತು. ಸ್ಕ್ಯಾನ್ ಮೆಷಿನ್ ಬರಲಿಲ್ಲ. ಕುರಿಯ ಜಾವ ಬಂತು, ಮೆಷಿನ್ನೂ ಬಂತು, ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಗುರುಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎದ್ದು, ಕೂತು, ಬೆರಳು ಎಣಿಸುವುದನ್ನೂ ಬಿಟ್ಟರು. ಯೂಶ್ಯಾ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತೆಗೆದಳು, ತಿರುಗಿಸಿ ಹಾಕಿದಳು. ಗಂಡನನ್ನು ಬೈಯಲು ಒಂದೂ ಮಾತು ಹೊಳೆಯಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. ಲಿವರಿಗೆ ರಕ್ತ ಹರಿಯದಿದ್ದರೆ? ಉಸಿರು ಸೋತರೆ? ಮತ್ತೆ ಆ ಕೊಳವೆಯನ್ನು ಅಷ್ಟು ಸಣ್ಣ ಗಂಟಲಿಗೆ ಇಳಿಸುವುದಾದರೆ?

ಆಮೇಲೆ ನರ್ಸ್ ಬಂದು ಮಾಸ್ಕ್ ಕೆಳಗಿಳಿಸಿದಳು. “ತೆಗೆದಾಯ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಇಷ್ಟು ಹೊತ್ತು ಕಾದು ನೋಡಿದ್ವಿ, ಉಸಿರಾಟ ಚೆನ್ನಾಗಿದೆ. ಇಬ್ಬರು ಬನ್ನಿ, ಗೌನ್ ಹಾಕ್ಕೊಳ್ಳಿ.”

ಇಬ್ಬರು ಎಂದಾಗ ಮಿಂಗ್‌ತೆ ಮುಂದೆ ಹೆಜ್ಜೆ ಇಟ್ಟ. ಅವನ ತೋಳು ಹಿಡಿದು ಯೂಶ್ಯಾ ಹಿಂದಕ್ಕೆಳೆದಳು. “ನೀನು ಮೇಲೆ ಹೋಗಿ ಹೆಂಡತಿಗೆ ಹೇಳು. ಹೇಳೋದಾದ್ರೂ ಸರಿಯಾಗಿ ಹೇಳು.”

ಕೂಸಿನ ಬಾಯಿ ಖಾಲಿ ಇತ್ತು. ಅಂಟುಪಟ್ಟಿ ಕಿತ್ತ ಜಾಗದಲ್ಲಿ ಕೆನ್ನೆ ಕೆಂಪಾಗಿತ್ತು. ಅಜ್ಜಿಯ ಹಳದಿ ಗೌನು ಕಂಡು ಚೆನ್‌ಚೆನ್ ಬಾಯಗಲಿಸಿ ಅತ್ತಳು, ಆದರೆ ಗಂಟಲು ಕಟ್ಟಿಹೋಗಿ ಎಣ್ಣೆ ಕಾಣದ ಬಾಗಿಲ ಕೀಲಿನಷ್ಟೇ ಸದ್ದು ಹೊರಟಿತು. ಆ ಕಿರಿಕಿರಿ ಸದ್ದು ಕೇಳುತ್ತಾ ಯೂಶ್ಯಾ ಹಾಸಿಗೆಯ ಕಂಬಿಯನ್ನು ಎರಡೂ ಕೈಗಳಲ್ಲಿ ಹಿಡಿದಳು.

“ಇಷ್ಟೇನಾ?” ಎಂದಳು ಕೂಸಿಗೆ. “ನಿಮ್ಮಜ್ಜನ ಗೊರಕೆ ಇದಕ್ಕಿಂತ ಜೋರು. ಇನ್ನೊಂದ್ಸಲ ಅಳು ನೋಡೋಣ.”

ಕೂಸು ಇನ್ನೊಂದು ಸಲ ಅತ್ತಿತು. ಮೆಷಿನ್ ಸುಮ್ಮನಿತ್ತು, ತಲೆಯ ಮೇಲೆ ಹಸಿರು ಪೊಟ್ಟಣ ಹೊತ್ತುಕೊಂಡು.

ಹೊರಗೆ ಬಂದು ಗೌನು ಬಿಚ್ಚುವಾಗ ಗುರುಗಳು ಗೋಡೆ ಗಡಿಯಾರ ನೋಡಿ ಮೆಲ್ಲಗೆ ಅರಳಿದರು. “ತೆಗೆದಿದ್ದು ಮಂಗನ ಜಾವದಲ್ಲಿ.”

“ಅದೂ ನಿನ್ನ ಲೆಕ್ಕಾನೇ?”

“ಹಾವಿಗೂ ಮಂಗನಿಗೂ ಒಳ್ಳೇ ಸ್ನೇಹ. ಶಾಸ್ತ್ರದಲ್ಲೇ ಇದೆ. ಇದಕ್ಕಿಂತ ಒಳ್ಳೇ ಹೊತ್ತು ನಾನು ಇಟ್ಟಿದ್ರೂ ಸಿಗ್ತಿರಲಿಲ್ಲ.”

“ನೀನು ಇಟ್ಟಿಲ್ಲ, ಅದಕ್ಕೇ ಸಿಕ್ಕಿದ್ದು.”

“ಹೆಸರು ಏನು ಮಾಡೋದು? ಡ್ರ್ಯಾಗನ್ ಅಕ್ಷರದ ಹೆಸರು ಹಾವಿಗೆ...”

“ಹೆಸರು ಮುಟ್ಟಿದ್ರೆ ನಿನ್ನ ಬೆರಳು ಮುರೀತೀನಿ. ಕೂಸಿನ ಕೈಪಟ್ಟೀಲಿ ಬರೆದಾಗಿದೆ.”

ಡಾಕ್ಟರ್ ಫಾಂಗ್ ಹೋಗುತ್ತಾ ಹೋಗುತ್ತಾ ನಿಂತಳು. ಇನ್ನು ಕೆಲವು ದಿನ ಅಪ್ಪ ಅಮ್ಮನನ್ನು ಬಿಟ್ಟು ಯಾರೂ ಒಳಗೆ ಬರುವಂತಿಲ್ಲ, ಸೋಂಕಿನ ಭಯ. ಎಲ್ಲ ಹೀಗೇ ನಡೆದರೆ ಮುಂದಿನ ಬುಧವಾರ ಅಜ್ಜ ಅಜ್ಜಿ ಬಂದು ನೋಡಬಹುದು ಎಂದಳು. ಯೂಶ್ಯಾ ಆಗಲೇ ಮನಸ್ಸಿನಲ್ಲಿ ಮೀನು ಆರಿಸುತ್ತಿದ್ದಳು: ಸೊಸೆಗೆ ಮತ್ತೆ ಸಾರು, ಶುಂಠಿ ಸ್ವಲ್ಪ ಜಾಸ್ತಿ, ಮತ್ತೆ ಒಂದು ಮೆತ್ತನೆಯ ಟೋಪಿ, ಐಸಿಯುವಿನಲ್ಲಿ ಚಳಿ. ಬಸ್ಸಿಗೆ ನಿಂತಾಗ ಪಕ್ಕದಲ್ಲಿ ಹೆಬ್ಬೆರಳು ಮತ್ತೆ ಓಡಾಡುತ್ತಿದ್ದದ್ದು ಕಂಡಿತು.

“ಮುಂದಿನ ಬುಧವಾರ ಡ್ರ್ಯಾಗನ್ ದಿನ” ಎಂದರು ಗುರುಗಳು.

“ಬರಲಿ ಪಾಪ. ಹೋದ ಸಲ ಕೂಸಿಗೆ ಕಾಯದೆ ಹಾರಿಹೋಗಿತ್ತು.”

“ಯಾವ ಜಾವಕ್ಕೆ ಹೊರಡೋದು ಅಂತ ನೋಡ್ತಿದೀನಿ.”

“ನೋಡಬೇಡ. ಒಳಗೆ ಬಿಡೋ ಹೊತ್ತು ಐಸಿಯು ಬಾಗಿಲ ಮೇಲೆ ಬರೆದು ಅಂಟಿಸಿದಾರೆ. ಬುಧವಾರ ಆ ಹೊತ್ತಿಗೆ ಇಬ್ಬರೂ ಬರೋಣ, ನೀನು ಫ್ಲಾಸ್ಕ್ ಹಿಡ್ಕೋ.”